ಸಿಜಿಪಿಎ ನನ್ನ ಲೆಕ್ಕದಲ್ಲಿ 7.66, ಕಾರ್ಡಿನಲ್ಲಿ 7.43. ಎಲ್ಲಿ ತಪ್ಪಿದೆ?

ದೋಸೆಪ್ರಿಯ_ದಾವಣಗೆರೆ:
ನಾಲ್ಕನೇ ಸೆಮ್ ಗ್ರೇಡ್ ಕಾರ್ಡ್ ಬಂತು. ಸಿಜಿಪಿಎ (ಇಲ್ಲಿಯವರೆಗಿನ ಎಲ್ಲ ಸೆಮ್ ಸೇರಿದ ಸರಾಸರಿ) 7.43 ಅಂತ ಇದೆ. ನಾನು ಎಕ್ಸೆಲ್‌ನಲ್ಲಿ ಹಾಕಿದರೆ ಪ್ರತಿ ಸಲ 7.66 ಬರುತ್ತದೆ. ಕ್ಯಾಂಪಸ್‌ಗೆ ಬರುವ ಕಂಪನಿ 7.5 ಕಟ್‌ಆಫ್ ಇಟ್ಟಿದೆ, ಶುಕ್ರವಾರ ಕೊನೇ ದಿನ. ಆಫೀಸಿನಲ್ಲಿ ಕೇಳಿದರೆ "ಕಂಪ್ಯೂಟರ್ ಹಾಕಿದ್ದು ಸರಿ ಇರುತ್ತೆ" ಅಂತ ಕಳಿಸಿಬಿಟ್ಟರು. ತಲೆ ಕೆಟ್ಟು ಹೋಗಿದೆ. ಯಾರಾದರೂ ಹೇಳಿ.

ಗಣಿತ_ಮೇಷ್ಟ್ರು:
ನಾಲ್ಕು ಎಸ್‌ಜಿಪಿಎ (ಒಂದೊಂದು ಸೆಮ್‌ನ ಸರಾಸರಿ) ಕೂಡಿಸಿ ನಾಲ್ಕರಿಂದ ಭಾಗಿಸಿದ್ದೀರಿ, ಅಲ್ವಾ? ಹಾಗೆ ಮಾಡಬಾರದು. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ (ಆ ವಿಷಯಕ್ಕೆ ಕೊಟ್ಟ ತೂಕ) ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. 4 ಕ್ರೆಡಿಟ್‌ನ ಗಣಿತದಲ್ಲಿ 6 ಪಾಯಿಂಟ್, 1 ಕ್ರೆಡಿಟ್‌ನ ಲ್ಯಾಬ್‌ನಲ್ಲಿ 10 ಪಾಯಿಂಟ್ ಬಂದರೆ ಸರಾಸರಿ 8 ಆಗುವುದಿಲ್ಲ. 24+10, ಭಾಗಿಸು 5. ಅಂದರೆ 6.8.

ದೋಸೆಪ್ರಿಯ_ದಾವಣಗೆರೆ:
ಸರ್, ಕ್ರೆಡಿಟ್ ಹಾಕಿಯೇ ಮಾಡಿದ್ದೇನೆ. ಅದು ಗೊತ್ತಿದೆ.

ಗಣಿತ_ಮೇಷ್ಟ್ರು:
ಎಲ್ಲರೂ ಹಾಗೇ ಹೇಳುತ್ತಾರೆ. ಶೀಟಿನಲ್ಲಿ ಆವರೇಜ್ ಫಾರ್ಮುಲಾ ಇದ್ದರೆ ಅದೇ ಕಾರಣ. ಇನ್ನೊಮ್ಮೆ ನೋಡಿ.

ಹುಬ್ಬಳ್ಳಿ_ಗಿರ್ಮಿಟ್:
ಸಿಜಿಪಿಎ ಬಿಡಿ, ಪರ್ಸೆಂಟೇಜ್ ಹಾಕಿ. 9.5ರಿಂದ ಗುಣಿಸಿದರೆ 7.66ಕ್ಕೆ ಹತ್ತಿರ ಹತ್ತಿರ 73. ಎಷ್ಟೋ ಕಂಪನಿಯವರಿಗೆ ಅದೇ ಸಾಕು.

ಗಣಿತ_ಮೇಷ್ಟ್ರು:
9.5 ಸಿಬಿಎಸ್‌ಇ ಹತ್ತನೇ ಕ್ಲಾಸಿನ ಲೆಕ್ಕ. ಅಲ್ಲೇ 2018ರಿಂದ ಸಿಜಿಪಿಎ ಬಿಟ್ಟು ಮತ್ತೆ ಅಂಕ ಕೊಡುತ್ತಿದ್ದಾರೆ. ಅದನ್ನು ಇಂಜಿನಿಯರಿಂಗ್‌ಗೆ ತರಬೇಡಿ. ವಿಟಿಯು 2018ರ ಸ್ಕೀಮ್‌ನಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. ಆಗ 7.66ಕ್ಕೆ 69.1 ಮಾತ್ರ.

ಹುಬ್ಬಳ್ಳಿ_ಗಿರ್ಮಿಟ್:
ಅವರು ವಿಟಿಯು ಅಂತ ಎಲ್ಲಿ ಹೇಳಿದ್ದಾರೆ ಸರ್? ನಮ್ಮ ಕಾಲೇಜಿನಲ್ಲಿ ಎಲ್ಲರೂ 9.5 ಹಾಕಿಯೇ ಫಾರ್ಮ್ ತುಂಬಿದ್ದು. ಯಾರೂ ಪ್ರಶ್ನೆ ಮಾಡಲಿಲ್ಲ.

ಗಣಿತ_ಮೇಷ್ಟ್ರು:
ಯಾರೂ ಕೇಳಲಿಲ್ಲ ಅಂದ ಮಾತ್ರಕ್ಕೆ ಸರಿ ಆಗುವುದಿಲ್ಲ. ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಆಫರ್ ಹೋಗುತ್ತದೆ. ಅವರವರ ವಿಶ್ವವಿದ್ಯಾಲಯದ ಸೂತ್ರ ಕಾರ್ಡಿನ ಹಿಂಬದಿಯಲ್ಲೋ ನಿಯಮಾವಳಿಯಲ್ಲೋ ಇರುತ್ತದೆ. ಅದೊಂದನ್ನೇ ಬಳಸಬೇಕು.

ಶೀಟ್‌ರಾಣಿ:
ಪರ್ಸೆಂಟೇಜ್ ಜಗಳ ಆಮೇಲೆ ಮಾಡೋಣ. ತಮ್ಮಾ, ಪ್ರತಿ ಸೆಮ್‌ನ ಕ್ರೆಡಿಟ್, ಎಸ್‌ಜಿಪಿಎ ಹಾಕಪ್ಪ. ಅಂಕಿ ಇಲ್ಲದೆ ಎಲ್ಲರೂ ಸುಮ್ನೆ ಊಹೆ ಮಾಡುತ್ತಿದ್ದಾರೆ.

ದೋಸೆಪ್ರಿಯ_ದಾವಣಗೆರೆ:
ಅಕ್ಕಾ, ಇಲ್ಲಿದೆ.
1ನೇ ಸೆಮ್: 20 ಕ್ರೆಡಿಟ್, 8.00
2: 20, 7.50
3: 24, 7.17
4: 24, 8.00

ಕ್ಯಾಸಿಯೋ_ಅಭಿಮಾನಿ:
ಇದಕ್ಕೆಲ್ಲ ಎಕ್ಸೆಲ್ ಯಾಕೆ? ನನ್ನ ಎಫ್‌ಎಕ್ಸ್-991 ಇಎಸ್ ಪ್ಲಸ್‌ನಲ್ಲಿ ಸ್ಟಾಟ್ ಮೋಡ್, ಸೆಟಪ್‌ನಲ್ಲಿ ಫ್ರೀಕ್ವೆನ್ಸಿ ಆನ್. ಎಕ್ಸ್ ಕಾಲಂಗೆ ಗ್ರೇಡ್ ಪಾಯಿಂಟ್, ಫ್ರೀಕ್ವೆನ್ಸಿ ಕಾಲಂಗೆ ಕ್ರೆಡಿಟ್. ಮೀನ್ ಕೇಳಿದರೆ ಅದೇ ಎಸ್‌ಜಿಪಿಎ. ಡಿಪ್ಲೊಮಾದಿಂದ ಇದೇ ಕ್ಯಾಲ್ಕುಲೇಟರ್, ಇನ್ನೂ ಒಂದು ಬಟನ್ ಸವೆದಿಲ್ಲ. ಫೋಟೋ ಬೇಕಿದ್ದರೆ ಹಾಕುತ್ತೇನೆ.

ಹುಬ್ಬಳ್ಳಿ_ಗಿರ್ಮಿಟ್:
ಹಾಕಿ ಹಾಕಿ. ನನ್ನದು ಹಳೇ ಎಂಎಸ್, ಅದರಲ್ಲೂ ಮಾಡಬಹುದು. ನಾನು ಪೈಥಾನ್‌ನಲ್ಲೂ ಒಂದು ಬರೆದಿದ್ದೇನೆ, ರಿಸಲ್ಟ್ ಪಿಡಿಎಫ್ ಕೊಟ್ಟರೆ ತಾನೇ ಓದಿಕೊಳ್ಳುತ್ತದೆ.

ಗಣಿತ_ಮೇಷ್ಟ್ರು:
ಸೆಮ್‌ಗಳ ಕ್ರೆಡಿಟ್ ಬೇರೆ ಬೇರೆ ಇದೆ, ನೋಡಿ. ನಾನು ಹೇಳಿದ್ದೇ ಸರಿ.

ಶೀಟ್‌ರಾಣಿ:
ಇಲ್ಲ ಮೇಷ್ಟ್ರೇ. ಸುಮ್ಮನೆ ನಾಲ್ಕರಿಂದ ಭಾಗಿಸಿದರೆ 7.67 ಬರುತ್ತದೆ, ಕ್ರೆಡಿಟ್ ಹಾಕಿದರೆ 7.66. ವ್ಯತ್ಯಾಸ ಬರೀ 0.01. ಕಾಣೆಯಾಗಿರುವುದು 0.23.

ಹಿಂದಿನಿಂದ ಬಂದರೆ ಗೊತ್ತಾಗುತ್ತದೆ. ಒಟ್ಟು ಕ್ರೆಡಿಟ್ 88. ಅವನ ಲೆಕ್ಕದಲ್ಲಿ ಪಾಯಿಂಟ್ 160+150+172+192 = 674. ಕಾರ್ಡಿನ 7.43 ಎರಡು ದಶಮಾಂಶಕ್ಕೆ ಸರಿಪಡಿಸಿದ್ದು. ಕ್ರೆಡಿಟ್, ಗ್ರೇಡ್ ಪಾಯಿಂಟ್ ಎರಡೂ ಪೂರ್ಣ ಸಂಖ್ಯೆ. ಹಾಗಾಗಿ 88ರಿಂದ ಭಾಗಿಸಿದಾಗ 7.43 ಕೊಡುವ ಮೊತ್ತ ಒಂದೇ ಒಂದು: 654. ಸರಿಯಾಗಿ 20 ಪಾಯಿಂಟ್ ಕಡಿಮೆ.

ಯುಜಿಸಿ ಹತ್ತು ಪಾಯಿಂಟಿನ ಪಟ್ಟಿಯಲ್ಲಿ ಸಿ ಗ್ರೇಡ್‌ಗೆ 5, ಪಿಗೆ 4, ಎಫ್‌ಗೆ ಸೊನ್ನೆ. 4 ಕ್ರೆಡಿಟ್ ಇರುವ ಒಂದು ವಿಷಯದಲ್ಲಿ ಸಿ ಬಂದಿದ್ದು, ಅವರು ಎಫ್ ಅಂತ ಹಿಡಿದಿದ್ದರೆ 20 ಸರಿಯಾಗಿ ಹೋಗುತ್ತದೆ. ತಮ್ಮಾ, ಯಾವುದಾದರೂ ಬ್ಯಾಕ್‌ಲಾಗ್, ಅಂದರೆ ಫೇಲಾಗಿ ಉಳಿದ ವಿಷಯ ಇತ್ತಾ?

ದೋಸೆಪ್ರಿಯ_ದಾವಣಗೆರೆ:
ಮೂರನೇ ಸೆಮ್ ಮ್ಯಾಥ್ಸ್, 4 ಕ್ರೆಡಿಟ್. ಆದರೆ ಅದು ಸಪ್ಲಿಮೆಂಟರಿಯಲ್ಲಿ ಕ್ಲಿಯರ್ ಆಗಿದೆ ಅಕ್ಕ, ಸಿ ಗ್ರೇಡ್. ಆ ರಿಸಲ್ಟ್ ನಾಲ್ಕನೇ ಸೆಮ್ ರಿಸಲ್ಟ್ ಆದ ಮೇಲೆ ಬಂತು. ಪಾಸಾಗಿರುವುದರಿಂದ ಇಲ್ಲಿ ಬರೆಯಲಿಲ್ಲ.

ಶೀಟ್‌ರಾಣಿ:
ಅದೇ ಮುಖ್ಯ ವಿಷಯ ಕಣಪ್ಪ. ನಿನ್ನ ಕಾರ್ಡ್ ಸಪ್ಲಿಮೆಂಟರಿ ರಿಸಲ್ಟ್‌ಗೆ ಮುಂಚೆ ಪ್ರಿಂಟ್ ಆಗಿದೆ. ಅದರಲ್ಲಿ ಮ್ಯಾಥ್ಸ್‌ಗೆ ಸೊನ್ನೆ ಪಾಯಿಂಟ್, ಕ್ರೆಡಿಟ್ ಮಾತ್ರ ಛೇದದಲ್ಲಿ ಕೂತಿದೆ. ಎರಡು ಲೆಕ್ಕವೂ ಸರಿ, ದಿನಾಂಕ ಬೇರೆ.

ಎಲ್ಲ ಕಡೆ ಹೀಗಿಲ್ಲ. ಪಾಸಾಗುವ ತನಕ ಎಫ್ ವಿಷಯದ ಕ್ರೆಡಿಟ್ಟನ್ನೇ ಸಿಜಿಪಿಎಯಿಂದ ಹೊರಗಿಡುವ ನಿಯಮವೂ ಉಂಟು. ಹಾಗಿದ್ದಿದ್ದರೆ 654 ಭಾಗಿಸು 84, ಅಂದರೆ 7.79 ಬರುತ್ತಿತ್ತು. ಪಾಸಾದ ಮೇಲೆ ಇಳಿದು 7.66 ಆಗುತ್ತಿತ್ತು.

ಈಗ ಸಪ್ಲಿಮೆಂಟರಿಯ ಕಾರ್ಡ್ ಹಿಡಿದುಕೊಂಡು ಪರೀಕ್ಷಾ ವಿಭಾಗಕ್ಕೆ ಹೋಗು. ಪರಿಷ್ಕೃತ ಗ್ರೇಡ್ ಕಾರ್ಡ್‌ಗೆ ಅರ್ಜಿ ಕೊಟ್ಟು ರಸೀದಿ ತಗೋ. ಎರಡೂ ಕಾರ್ಡ್, ರಸೀದಿ ಪ್ಲೇಸ್‌ಮೆಂಟ್ ಆಫೀಸರ್‌ಗೆ ಇವತ್ತೇ ತೋರಿಸು. ಅವರು ಒಪ್ಪಿದ ಮೇಲೆ ಫಾರ್ಮ್‌ನಲ್ಲಿ 7.66 ಬರಿ, ಕೇಳದೆ ಬರೆಯಬೇಡ. ಆಮೇಲೆ ಕಂಪನಿಯ ಷರತ್ತು ಪೂರ್ತಿ ಓದು. ಕೆಲವರು ಬ್ಯಾಕ್‌ಲಾಗ್ ಇತಿಹಾಸವನ್ನೂ ಕೇಳುತ್ತಾರೆ.

ದೋಸೆಪ್ರಿಯ_ದಾವಣಗೆರೆ:
ಈಗಲೇ ಹೊರಟೆ ಅಕ್ಕ. ತುಂಬಾ ಥ್ಯಾಂಕ್ಸ್.

ಗಣಿತ_ಮೇಷ್ಟ್ರು:
ಆದರೂ ಎಸ್‌ಜಿಪಿಎಗಳ ಸರಾಸರಿ ತೆಗೆಯುವುದು ತಪ್ಪು ವಿಧಾನ. ಇದನ್ನು ಬೇರೆಯವರು ಓದುತ್ತಾರೆ ಅಂತ ಹೇಳುತ್ತಿದ್ದೇನೆ.

ಲ್ಯಾಟರಲ್_ಲಕ್ಷ್ಮಿ:
ನಾನು ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮ್‌ಗೆ ಸೇರಿದವಳು. ಬ್ರಿಡ್ಜ್ ಮ್ಯಾಥ್ಸ್‌ಗೆ ಸೊನ್ನೆ ಕ್ರೆಡಿಟ್ ಅಂತಿದೆ. ಅದನ್ನೂ ಶೀಟಿಗೆ ಹಾಕಬೇಕಾ?

ಕ್ಯಾಸಿಯೋ_ಅಭಿಮಾನಿ:
ಹಾಕಿದರೂ ಏನೂ ಬದಲಾಗಲ್ಲ, ಸೊನ್ನೆಯಿಂದ ಗುಣಿಸುವುದು ತಾನೇ. ಆದರೆ ಪಾಸಾಗಲೇಬೇಕು, ಇಲ್ಲದಿದ್ದರೆ ಡಿಗ್ರಿ ಕೊಡಲ್ಲ. ಫೋಟೋ ಕೆಳಗೆ ಹಾಕಿದ್ದೇನೆ.