ನೀರಿನಲ್ಲಿ ತೂಗಿ ಮಾಣಿಕ್ಯವನ್ನು ಗುರುತಿಸಬಹುದೇ?

ಪ್ರಶ್ನೆ:
ಅಜ್ಜಿಯ ಹಳೆಯ ಪದಕದಿಂದ ಬಿಚ್ಚಿಸಿದ ಕೆಂಪು ಹರಳೊಂದು ನಮ್ಮಲ್ಲಿದೆ. ಮನೆಯವರೆಲ್ಲ ಅದನ್ನು ಮಾಣಿಕ್ಯವೆಂದೇ ನಂಬಿದ್ದಾರೆ. ಪರಿಚಿತ ಅಕ್ಕಸಾಲಿಗರಲ್ಲಿ ತೂಗಿಸಿದಾಗ ಗಾಳಿಯಲ್ಲಿ 5.40 ಕ್ಯಾರೆಟ್, ನೀರಿನಲ್ಲಿ ಮುಳುಗಿಸಿದಾಗ 3.90 ಕ್ಯಾರೆಟ್ ಬಂದಿತು. ಇಷ್ಟರಿಂದ ಹರಳು ಯಾವುದೆಂದು ತಿಳಿಯಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಬಹುಮಟ್ಟಿಗೆ ತಿಳಿಯಬಹುದು. ನೀರಿನಲ್ಲಿ ಕಡಿಮೆಯಾದ 1.50 ಕ್ಯಾರೆಟ್ ಎಂಬುದು ಹರಳಿನಷ್ಟೇ ಗಾತ್ರದ ನೀರಿನ ತೂಕ, 5.40ನ್ನು ಅದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ 3.60 ಬರುತ್ತದೆ. ಮಾಣಿಕ್ಯವೂ ನೀಲವೂ ಕೊರಂಡಮ್ ಎಂಬ ಒಂದೇ ಖನಿಜವಾದ್ದರಿಂದ ಎರಡಕ್ಕೂ ಅದು ಸುಮಾರು 4.00 ಇರುತ್ತದೆ. 3.60 ಸ್ಪಿನೆಲ್ ಎಂಬ ಬೇರೊಂದು ರತ್ನದ ಸಂಖ್ಯೆ. ಇದರಿಂದ ಬೇಸರಪಡಬೇಕಾಗಿಲ್ಲ: ಬ್ರಿಟನ್ನಿನ ರಾಜಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ಮಾಣಿಕ್ಯ’ವೂ ನಿಜದಲ್ಲಿ ಸ್ಪಿನೆಲ್ಲೇ, ಮತ್ತು ಒಳ್ಳೆಯ ಕೆಂಪು ಸ್ಪಿನೆಲ್ ತನ್ನಷ್ಟಕ್ಕೇ ಬೆಲೆಯುಳ್ಳ ರತ್ನ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹರಳಿಗೆ ಗಾಳಿಗುಳ್ಳೆ ಅಂಟಿಕೊಂಡು ಲೆಕ್ಕ ತಪ್ಪಿರಬಹುದೇ?

ಉತ್ತರ 2:
ಗುಳ್ಳೆ ಅಂಟಿದ್ದರೆ ಹರಳು ನೀರಿನಲ್ಲಿ ಇನ್ನಷ್ಟು ಹಗುರವಾಗಿ ತೋರಿ ಸಾಂದ್ರತೆ ಕಡಿಮೆ ಬರುತ್ತದೆ ಎಂಬುದು ನಿಜ. ಆದರೆ ನಿಮ್ಮದು ಮಾಣಿಕ್ಯವಾಗಿದ್ದರೆ ನೀರಿನಲ್ಲಿ 1.35 ಕ್ಯಾರೆಟ್ ಮಾತ್ರ ಕಡಿಮೆಯಾಗಬೇಕಿತ್ತು, ಉಳಿದ 0.15 ಕ್ಯಾರೆಟ್, ಅಂದರೆ 30 ಮಿಲಿಗ್ರಾಂ ವ್ಯತ್ಯಾಸಕ್ಕೆ 30 ಘನ ಮಿಲಿಮೀಟರ್ ಗಾಳಿ ಬೇಕು. ಸುಮಾರು ನಾಲ್ಕು ಮಿಲಿಮೀಟರ್ ಅಗಲದ ಅಂಥ ಗುಳ್ಳೆ ಬರಿಗಣ್ಣಿಗೇ ಕಾಣುತ್ತದೆ. ನನಗೆ ಚಿಂತೆಯಿರುವುದು ಗಾರ್ನೆಟ್ ಎಂಬ ಇನ್ನೊಂದು ಕೆಂಪು ಹರಳಿನ ಬಗ್ಗೆ. ನೀರಿನಲ್ಲಿನ ತೂಕ 3.95 ಆಗಿದ್ದಿದ್ದರೆ ಉತ್ತರ 3.72 ಆಗಿ, ಪೈರೋಪ್ ಗಾರ್ನೆಟ್‌ನ ವ್ಯಾಪ್ತಿಗೆ ಬರುತ್ತಿತ್ತು. ಹಾಗಾಗಿ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಹರಳನ್ನು ಕಟ್ಟುವ ತಂತಿಯ ತೂಕವನ್ನು ನೀರಿನಲ್ಲೇ ಪ್ರತ್ಯೇಕವಾಗಿ ನೋಡಿ ಕಳೆದು, ಇನ್ನೊಮ್ಮೆ ತೂಗಿಸಿ. ಮುತ್ತು, ಓಪಲ್‌ಗಳನ್ನು ಮಾತ್ರ ಹೀಗೆ ಮುಳುಗಿಸಬೇಡಿ.

ಉತ್ತರ 3:
ಒಂದು ಮಿತಿಯನ್ನು ಸೇರಿಸಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ಮಾಣಿಕ್ಯಕ್ಕೂ ಗಣಿಯದಕ್ಕೂ ಸಾಂದ್ರತೆ ಒಂದೇ. ಬೆಳಕಿನಲ್ಲಿ ನಕ್ಷತ್ರದಂಥ ಗೆರೆಗಳನ್ನು ತೋರುವ ನಮ್ಮ ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯವನ್ನು ನಕ್ಷತ್ರ ಗಾರ್ನೆಟ್‌ನಿಂದ ಬೇರ್ಪಡಿಸಲೂ ತಕ್ಕಡಿಯೊಂದೇ ಸಾಲದು, ಏಕೆಂದರೆ ಆಲ್ಮಂಡೈನ್ ಗಾರ್ನೆಟ್ ಕೂಡ 4ರ ಆಸುಪಾಸಿನಲ್ಲೇ ಇರುತ್ತದೆ. ನಿಮ್ಮ ಹರಳಿನ ವಕ್ರೀಭವನ ಸೂಚ್ಯಂಕವನ್ನು (ಹರಳಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬುದರ ಅಳತೆ) ರತ್ನ ಪರೀಕ್ಷಾಲಯದಲ್ಲಿ ಅಳೆಸಿ, ಅದು 1.718ರ ಹತ್ತಿರ ಬಂದರೆ ಸ್ಪಿನೆಲ್ ಎಂದೇ ತಿಳಿಯಬಹುದು.