ಮಂಡಿ ಆಪರೇಷನ್ ಆದ ಅಮ್ಮನಿಗೆ ಏರ್‌ಪೋರ್ಟ್ ತಪಾಸಣೆ ಹೇಗಿರುತ್ತೆ? ಅನುಭವ ಇದ್ದವರು ಹೇಳಿ

ಚಿಕ್ಕಬಳ್ಳಾಪುರದ ಮಗ:
ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 71 ವರ್ಷ. ಎರಡೂ ಮಂಡಿ ಬದಲಾಯಿಸಿ ಲೋಹದ್ದು ಹಾಕಿದ್ದಾರೆ. ತಂಗಿಯ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಬೇಕು. ಅಪ್ಪನಿಗೆ ಹೃದಯದ ತೊಂದರೆ, ಅವರು ಹೋಗುವ ಹಾಗಿಲ್ಲ. ನನಗೆ ರಜೆ ಸಿಗಲಿಲ್ಲ. ಅಮ್ಮ ಒಬ್ಬರೇ ಹೋಗುತ್ತಾರೆ. ಯಾರೋ ಮನೆಗೆ ಬಂದವರು, ಮೈಮೇಲೆಲ್ಲಾ ಕೈಯಾಡಿಸುತ್ತಾರೆ, ಸೀರೆ ಬಿಚ್ಚಿಸುತ್ತಾರೆ ಎಂದು ಹೇಳಿ ಹೋದರು. ಅವತ್ತಿನಿಂದ ಅಮ್ಮ ಟಿಕೆಟ್ ವಾಪಸ್ ಮಾಡು ಅನ್ನುತ್ತಿದ್ದಾರೆ. ಡಾಕ್ಟರ್ ಚೀಟಿ ತೋರಿಸಿದರೆ ಬಿಡುತ್ತಾರಾ? ಸೀರೆ ಉಡಲಾ, ಚೂಡಿದಾರ್ ಹಾಕಲಾ? ಹೆಂಗಸರೇ ನೋಡುತ್ತಾರಾ? ಇಷ್ಟು ಹೇಳಿದರೆ ಸಾಕು.

ತಿಪಟೂರು ಟೀಚರ್:
ನನ್ನದನ್ನು ಪೂರ್ತಿ ಹೇಳುತ್ತೇನೆ, ಕೇಳಿ. ನನಗೆ ಸೊಂಟದ ಕೀಲು ಬದಲಾಯಿಸಿದ್ದಾರೆ. ಚೀಟಿ ಬೇಕೇ ಬೇಕು ಎಂದರು ಅಂತ ಆಪರೇಷನ್ ಮಾಡಿದ ಡಾಕ್ಟರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋದೆ. ಚೀಟಿಗೆ 600 ರೂಪಾಯಿ, ಎಕ್ಸ್‌ರೇ ಪ್ರತಿಗೆ 450, ಹೋಗಿ ಬರುವ ಕಾರಿಗೆ 4,200. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಯಲ್ಲೇ ಹಿಡಿದಿದ್ದೆ. ಯಾರೂ ಓದಲಿಲ್ಲ. ಲೋಹ ಇದ್ದರೆ ಕೂಗುವ ಬಾಗಿಲಿನ ಚೌಕಟ್ಟು ಕೂಗಿತು, ಪಕ್ಕಕ್ಕೆ ಬನ್ನಿ ಅಂದರು, ಅಷ್ಟೇ.

ಇಲ್ಲಿಯದು ಪರವಾಗಿಲ್ಲ. ನಡುವೆ ವಿಮಾನ ಬದಲಾಯಿಸುವ ಊರಲ್ಲಿ ಆಗಿದ್ದನ್ನು ಇವತ್ತಿಗೂ ಮರೆಯಲು ಆಗಿಲ್ಲ. ಹೆಂಗಸೇ ನೋಡಿದ್ದು, ಇಲ್ಲ ಅನ್ನುವುದಿಲ್ಲ. ಆದರೆ ನೆರಿಗೆಯೊಳಗೆ ಅಂಗೈ ಹಾಕಿದಳು. ಲಂಗದ ಲಾಡಿಯ ಸುತ್ತ ಬೆರಳಾಡಿಸಿದಳು. ರವಿಕೆಯ ಅಂಚಿನ ಕೆಳಗೂ ನೋಡಿದಳು. ಪರದೆ ಅರ್ಧ ತೆರೆದೇ ಇತ್ತು, ಹೊರಗೆ ನಿಂತ ಗಂಡಸರು ನನಗೆ ಕಾಣುತ್ತಿದ್ದರು. ಮುಚ್ಚಿ ಅಂತ ಸನ್ನೆ ಮಾಡಿದೆ. ಅವಳು ನೋಡಲೇ ಇಲ್ಲ. ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಒಂದು ದಿನ ಯಾರೂ ನನ್ನ ಸೆರಗು ಮುಟ್ಟಿ ಮಾತಾಡಿಸಿದವರಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಅಂಗೈಯನ್ನು ಒಂದು ಬಟ್ಟೆಯ ಚೂರಿನಿಂದ ಒರೆಸಿ, ಸ್ಫೋಟಕದ ಕಣ ಹುಡುಕುವ ಮಷೀನಿಗೆ ಹಾಕಿದರು. ಅದೂ ಕೂಗಿತು. ಕೈಗೆ ಹಚ್ಚುವ ಲೋಷನ್ನಿನ ಗ್ಲಿಸರಿನ್‌ಗೂ ಒಮ್ಮೊಮ್ಮೆ ಹಾಗೆ ಕೂಗುತ್ತದೆ ಎಂದು ಆಮೇಲೆ ಮಗಳು ಹೇಳಿದಳು. ಬ್ಯಾಗ್ ಪೂರ್ತಿ ಸುರಿದರು. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಎಲ್ಲದರ ಗಂಟು ಬಿಚ್ಚಿದರು. ಅಷ್ಟರಲ್ಲಿ ವಿಮಾನ ಹೋಯಿತು. ಆ ರಾತ್ರಿ ಹೋಟೆಲಿಗೆ 11,500, ಊಟ ಅಂತ ಎರಡು ಬ್ರೆಡ್ಡಿಗೆ 1,300, ಟಿಕೆಟ್ ಬದಲಾಯಿಸಲು 18,000. ಯಾರೂ ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ಇದಕ್ಕೂ ಮುಂಚೆ ಬೋರ್ಡಿಂಗ್ ಪಾಸ್ ಕೊಡುವ ಕಡೆಯೇ ನಮ್ಮ ತೋಟದ ಕೊಬ್ಬರಿ ಗಿಟುಕು ಅಷ್ಟನ್ನೂ ತೆಗೆಸಿದ್ದರು. ಅದರ ಕಥೆ ಬೇರೆ ಇದೆ.

ಕೆಜಿಎಫ್ ಹಳಬ:
ಟೀಚರ್ ಮೇಡಂ, ನಿಮಗೆ ಆಗಿದ್ದು ಕೇಳಿ ಬೇಜಾರಾಯಿತು. ಆದರೆ ಯಾಕೆ ಮುಟ್ಟಿ ನೋಡುತ್ತಾರೆ ಅನ್ನುವುದನ್ನೂ ಯೋಚಿಸಬೇಕಲ್ವಾ? 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಂನಿಂದ ಡೆಟ್ರಾಯಿಟ್‌ಗೆ ಹೊರಟ ವಿಮಾನದಲ್ಲಿ ಒಬ್ಬ ಒಳಚಡ್ಡಿಯೊಳಗೆ ಪಿಇಟಿಎನ್ ಎಂಬ ಸ್ಫೋಟಕ ಇಟ್ಟುಕೊಂಡು ಕೂತಿದ್ದ. ಅದರಲ್ಲಿ ಲೋಹ ಇಲ್ಲ. ಚೌಕಟ್ಟು ಕೂಗುವುದಿಲ್ಲ. ಅದು ಸರಿಯಾಗಿ ಸಿಡಿಯಲಿಲ್ಲ, ಜನ ಉಳಿದರು. ಆಮೇಲೆ 2010ರಲ್ಲಿ ಅಮೆರಿಕದ ಏರ್‌ಪೋರ್ಟ್ ತಪಾಸಣೆ ನಡೆಸುವ ಸಂಸ್ಥೆ ಟಿಎಸ್‌ಎ, ಕೈಯ ಹಿಂಭಾಗದಿಂದ ಸವರುತ್ತಿದ್ದದ್ದನ್ನು ಬಿಟ್ಟು ಅಂಗೈಯಿಂದ, ಬೆರಳಿನಿಂದ ನೋಡುವ ಪದ್ಧತಿ ತಂದಿತು. ತೊಡೆಸಂದು, ಎದೆ, ಎಲ್ಲವೂ ಸೇರಿತು. ಸುಮ್ನೆ ಅವಮಾನ ಮಾಡಲು ತಂದಿದ್ದಲ್ಲ.

ನಮ್ಮಪ್ಪ ಇಲ್ಲಿ ಗಣಿಯಲ್ಲಿದ್ದರು. ಶಿಫ್ಟ್ ಮುಗಿಸಿ ಮೇಲೆ ಬಂದರೆ ತಪಾಸಣೆ. ಬಟ್ಟೆ, ಊಟದ ಡಬ್ಬ, ಎಲ್ಲಾ ನೋಡುತ್ತಿದ್ದರು. ಚಿನ್ನ ಇರುವ ಜಾಗ, ನೋಡಲೇಬೇಕು. ಅಪ್ಪ ಒಂದು ದಿನವೂ ಮನೆಗೆ ಬಂದು ಗೊಣಗಲಿಲ್ಲ. ನೆಟ್ಟಗೆ ನಿಂತು ತೋರಿಸಿ ಬರುತ್ತಿದ್ದರು. ನಾನೂ ಮಗನ ಹತ್ತಿರ ಆಸ್ಟ್ರೇಲಿಯಾಕ್ಕೆ ಹೋಗುವಾಗ ಹಾಗೇ ಮಾಡುತ್ತೇನೆ. ಬೆಲ್ಟ್ ಮನೆಯಲ್ಲೇ ಬಿಡುತ್ತೇನೆ, ಎಲಾಸ್ಟಿಕ್ ಪ್ಯಾಂಟ್ ಹಾಕುತ್ತೇನೆ, ಕೈ ಎತ್ತಿ ನಿಲ್ಲುತ್ತೇನೆ. ಒಂದು ನಿಮಿಷದ ಕೆಲಸ.

ಗೌರಿಬಿದನೂರು ಹುಡುಗಿ:
ಅಣ್ಣಾ, ಗೊಣಗಲಿಲ್ಲ ಅಂದರೆ ನೋವಾಗಲಿಲ್ಲ ಅಂತ ಅಲ್ಲ. ನಿಮ್ಮದೇ ಕೆಜಿಎಫ್‌ನಲ್ಲಿ 1930ರಲ್ಲಿ ಬೆರಳಚ್ಚು ಕೊಡುವುದಿಲ್ಲ ಎಂದು ಗಣಿ ಕೆಲಸಗಾರರು ಮುಷ್ಕರ ಮಾಡಿದ್ದರು. ಮೈಬಗ್ಗಿಸಿ ದುಡಿಯುವವರನ್ನು ಕಳ್ಳರ ಹಾಗೆ ನೋಡಬೇಡಿ ಎಂದೇ ಕೇಳಿದ್ದು. ಅದನ್ನೂ ನೆನಪಿಟ್ಟುಕೊಳ್ಳಿ.

ಕೆಜಿಎಫ್ ಹಳಬ:
ನಮ್ಮಪ್ಪನ ವಿಷಯ ನೀವು ನನಗೆ ಹೇಳಿಕೊಡಬೇಡಮ್ಮ. ಅವರ ಕೈ ಹಿಡಿದು ಆ ಗೇಟಿನವರೆಗೆ ನಡೆದು ಹೋದವನು ನಾನು.

ಗೌರಿಬಿದನೂರು ಹುಡುಗಿ:
ಹೇಳಿಕೊಡುತ್ತಿಲ್ಲ. ಆದರೆ ಹೆಂಗಸರಿಗೆ ಆಗುವುದು ಒಂದು ನಿಮಿಷದ ಕೆಲಸ ಅಲ್ಲ ಅಂತ ಹೇಳುತ್ತಿದ್ದೇನೆ. ನನ್ನದು ಕೇಳಿ. ಆಫೀಸ್ ಕೆಲಸಕ್ಕೆ ಅಮೆರಿಕಕ್ಕೆ ಹೋಗಿ ಬರುತ್ತಿರುತ್ತೇನೆ. ಅಲ್ಲಿ ಮೊದಲು ಒಂದು ಗಾಜಿನ ಗೂಡಿನೊಳಗೆ ಕೈ ಎತ್ತಿ ನಿಲ್ಲಿಸುತ್ತಾರೆ. ನಿಮ್ಮ ಮೈ ಚಿತ್ರ ಅದರಲ್ಲಿ ಬರುವುದಿಲ್ಲ, ಎಲ್ಲರಿಗೂ ಒಂದೇ ಗೊಂಬೆಯ ಚಿತ್ರ, ಸಂಶಯ ಇರುವ ಜಾಗಕ್ಕೆ ಹಳದಿ ಚೌಕ. 2013ರವರೆಗೆ ಮೈಯ ಆಕಾರವೇ ಕಾಣುವ ಇನ್ನೊಂದು ಬಗೆಯ ಮಷೀನೂ ಇತ್ತು, ಅದನ್ನು ತೆಗೆದರು. ಚೌಕ ಬಂದ ಜಾಗವನ್ನು ಕೈಯಿಂದ ನೋಡುತ್ತಾರೆ. ನನಗೆ ಪ್ರತಿ ಸಲ ಎದೆಯ ಹತ್ತಿರ, ಜಡೆಯ ಹತ್ತಿರ ಚೌಕ ಬರುತ್ತೆ. ತಂತಿ ಇಲ್ಲದ ಒಳಬಟ್ಟೆ ಹುಡುಕಿ 2,400 ಕೊಟ್ಟು ತಗೊಂಡೆ. ಆಮೇಲೂ ಬಂತು.

ಒಂದು ಸಲ ಸಾಲಿನ ಮಧ್ಯದಲ್ಲೇ ನೋಡಲು ಶುರು ಮಾಡಿದರು. ನಾನು ನಿಲ್ಲಿಸಿ ಅಂದೆ. ಪ್ರತ್ಯೇಕ ಕೋಣೆ ಕೊಡಿ, ಜೊತೆಗೆ ನನ್ನ ಗೆಳತಿ ಬರುತ್ತಾಳೆ ಅಂದೆ. ಮುಖ ಗಂಟಿಕ್ಕಿದರು. ಮುಕ್ಕಾಲು ಗಂಟೆ ಕಾಯಿಸಿದರು. ಆದರೆ ಕೊಟ್ಟರು, ಯಾಕೆಂದರೆ ಅದು ಅವರದೇ ನಿಯಮ. ಹೆಂಗಸರನ್ನು ಹೆಂಗಸರೇ ನೋಡಬೇಕು. ಕೋಣೆ ಕೇಳಬಹುದು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಬಾಯಿಬಿಟ್ಟು ಕೇಳದವರಿಗೆ ಇದು ಯಾವುದೂ ಸಿಗುವುದಿಲ್ಲ.

ಸೀರೆ ಬಗ್ಗೆ ಕೇಳಿದ್ದೀರಿ. 2010ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ನಮ್ಮ ರಾಯಭಾರಿಯಾಗಿದ್ದ ಮೀರಾ ಶಂಕರ್ ಅವರನ್ನೇ ಮಿಸಿಸಿಪ್ಪಿಯ ಜಾಕ್ಸನ್ ಏರ್‌ಪೋರ್ಟ್‌ನಲ್ಲಿ ಸಾಲಿನಿಂದ ಕರೆದು ಮೈ ತಡವಿ ನೋಡಿದ್ದರು. ಅವರು ಸೀರೆ ಉಟ್ಟಿದ್ದರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮದ್ದೂರಿನ ಎಸ್.ಎಂ. ಕೃಷ್ಣ. ಇದನ್ನು ಒಪ್ಪಲು ಸಾಧ್ಯವಿಲ್ಲ ಎಂದು ಹೇಳಿದ್ದರು. ರಾಯಭಾರಿಗೇ ಹಾಗಾದರೆ ನಮ್ಮ ಅಮ್ಮಂದಿರ ಪಾಡು ಏನು? ಚೂಡಿದಾರ್ ಹಾಕಿಸಿ. ಮೈಗೆ ಅಂಟಿದ ಬಟ್ಟೆ ಇದ್ದರೆ ತಡವುವುದು ಕಡಿಮೆ.

ತಿಪಟೂರು ಟೀಚರ್:
ಯಾಕಮ್ಮ ಚೂಡಿದಾರ್ ಹಾಕಬೇಕು? 71 ವರ್ಷ ಸೀರೆಯಲ್ಲೇ ಬದುಕಿದವರು ಯಾರೋ ಅನುಮಾನಪಟ್ಟರು ಅಂತ ಉಡುಪು ಬದಲಾಯಿಸಬೇಕಾ? ಸಲ್ವಾರ್ ಲಾಡಿಯನ್ನು ತಡವುವುದಿಲ್ಲವಾ? ನನ್ನ ತಂಗಿ ಚೂಡಿದಾರ್‌ನಲ್ಲೇ ಹೋಗಿದ್ದಳು, ಅವಳಿಗೂ ಅದೇ ಆಯಿತು. ಬಟ್ಟೆಯದಲ್ಲ ತಪ್ಪು.

ಗೌರಿಬಿದನೂರು ಹುಡುಗಿ:
ತಪ್ಪು ಬಟ್ಟೆಯದು ಅಂತ ನಾನೆಲ್ಲಿ ಹೇಳಿದೆ ಮೇಡಂ? ಕಷ್ಟ ಕಡಿಮೆಯಾಗಲಿ ಅಂತ ಹೇಳಿದೆ. ಜರಿ ಅಂಚಿದ್ದರೆ, ಪಿನ್ನು ಚುಚ್ಚಿದ್ದರೆ ಇನ್ನೂ ಜಾಸ್ತಿ ನೋಡುತ್ತಾರೆ.

ಶಿರಾ ಕಡೆಯವನು:
ಎಲ್ಲರೂ ಹೆಂಗಸರ ಕಷ್ಟ ಮಾತ್ರ ಹೇಳುತ್ತಿದ್ದೀರಿ. ನಮ್ಮ ತಂದೆಗೆ ಕರುಳಿನ ಆಪರೇಷನ್ ಆಗಿ ಹೊಟ್ಟೆಯ ಮೇಲೆ ಚೀಲ ಅಂಟಿಸಿದ್ದಾರೆ. ಮಲ ಅದರಲ್ಲೇ ಸೇರುತ್ತದೆ. ಆ ಮನುಷ್ಯ ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ದೆಹಲಿಗೆ ಕರೆದುಕೊಂಡು ಹೋಗಬೇಕಾಯಿತು. ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ತಪಾಸಣೆ ಮಾಡುವ ಸಿಐಎಸ್‌ಎಫ್ ಜವಾನನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವನು ಯಾರಿಗೂ ಕೇಳದ ಹಾಗೆ ಒಳಗೆ ಕರೆದುಕೊಂಡು ಹೋಗಿ, ಅಂಗಿ ಮೇಲಿನಿಂದಲೇ ನೋಡಿ, ಅಪ್ಪಾಜಿ ಹೋಗಿ ಬನ್ನಿ ಅಂದ. ನಮ್ಮಪ್ಪ ವಿಮಾನದಲ್ಲಿ ಕೂತು ಅತ್ತರು. ಸಮಾಧಾನಕ್ಕೆ.

ಬರುವಾಗ ಇನ್ನೊಂದು ಏರ್‌ಪೋರ್ಟ್‌ನಲ್ಲಿ ಅದೇ ಮಾತು ಹೇಳಿದೆ. ಕೇಳಿಸಿಕೊಳ್ಳದೆ ಚೀಲದ ಮೇಲೇ ಒತ್ತಿದರು. ಅಂಟು ಬಿಟ್ಟಿತು. ಶೌಚಾಲಯದಲ್ಲಿ ನಾನೇ ತೊಳೆದೆ. ಒಂದು ಚೀಲಕ್ಕೆ 380 ರೂಪಾಯಿ, ಅಂಟಿನ ಪಟ್ಟಿಗೆ 290, ಪಂಚೆ ಹೊಸದು 700. ದುಡ್ಡು ಹೋಗಲಿ. ಅಷ್ಟು ಹೊತ್ತೂ ಅಪ್ಪ ನನ್ನ ಮುಖ ನೋಡಲಿಲ್ಲ. ಕೆಜಿಎಫ್‌ನವರೇ, ಇದೂ ಒಂದು ನಿಮಿಷದ ಕೆಲಸವಾ?

ಕೆಜಿಎಫ್ ಹಳಬ:
ಒತ್ತಿದವನದು ತಪ್ಪು. ಅದನ್ನು ನಾನು ಸಮರ್ಥಿಸುತ್ತಿಲ್ಲ. ಒಬ್ಬ ಸರಿಯಾಗಿ ಮಾಡಲಿಲ್ಲ ಅಂತ ತಪಾಸಣೆಯೇ ಬೇಡ ಅನ್ನುವುದು ಸರಿಯಲ್ಲ ಅಂತ ಮಾತ್ರ ನನ್ನ ಮಾತು.

ಶಿರಾ ಕಡೆಯವನು:
ಬೇಡ ಅಂತ ಯಾರು ಹೇಳಿದರು? ಹೇಳಿದ್ದನ್ನು ಕೇಳಿಸಿಕೊಳ್ಳಲಿ ಅಂತ ಹೇಳಿದ್ದು.

ಚಿಕ್ಕಬಳ್ಳಾಪುರದ ಮಗ:
ಶಿರಾದವರೇ, ಓದಿ ತುಂಬಾ ಸಂಕಟವಾಯಿತು. ದಯವಿಟ್ಟು ಯಾರೂ ಜಗಳ ಮಾಡಬೇಡಿ. ಡಾಕ್ಟರ್ ಚೀಟಿಯ ಬಗ್ಗೆ ಇನ್ನೊಬ್ಬರು ಹೇಳಿ.

ಮಾಲೂರು ಸೊಸೆ:
ನಮ್ಮತ್ತೆಗೂ ಎರಡೂ ಮಂಡಿ ಆಪರೇಷನ್ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಚೀಟಿ ಇರಲಿ, ಆದರೆ ಚೀಟಿ ಇದೆ ಅಂತ ತಪಾಸಣೆ ತಪ್ಪುವುದಿಲ್ಲ. ಮಂಡಿಯಲ್ಲಿ ಲೋಹ ಇದೆ ಅಂತ ಮೊದಲೇ ಹೇಳಲು ಅದು ಬೇಕು. ಅಮೆರಿಕದಲ್ಲಿ ಟಿಎಸ್‌ಎ ಕೇರ್ಸ್ ಅಂತ ಒಂದು ಸಹಾಯವಾಣಿ ಇದೆ. ಹೊರಡುವ 72 ಗಂಟೆ ಮೊದಲು ಫೋನ್ ಮಾಡಿದರೆ ಜೊತೆಗೆ ನಿಂತು ಸಹಾಯ ಮಾಡಲು ವ್ಯವಸ್ಥೆ ಮಾಡುತ್ತಾರೆ. ನಿಮ್ಮ ತಂಗಿಗೆ ಹೇಳಿ, ವಾಪಸ್ ಬರುವಾಗ ಮಾಡಲಿ. ಹೋಗುವಾಗ ಯಾವ ಊರಲ್ಲಿ ವಿಮಾನ ಬದಲಾಯಿಸುತ್ತಾರೆ, ಅದನ್ನೇ ನೀವು ಹೇಳಲಿಲ್ಲವಲ್ಲ. ಮುಖ್ಯವಾದದ್ದು ಅದೇ.

ಇನ್ನು ವೀಲ್‌ಚೇರ್. ಟಿಕೆಟ್ ಮಾಡುವಾಗಲೇ ಹೇಳಿದ್ದೆವು. ಆದರೂ ದಾರಿಯ ಒಂದು ಏರ್‌ಪೋರ್ಟ್‌ನಲ್ಲಿ ನಮ್ಮತ್ತೆಯನ್ನು ಒಂದು ಮೂಲೆಯಲ್ಲಿ ಬಿಟ್ಟು ತಳ್ಳುವವನು ಹೋಗಿಬಿಟ್ಟ. ಎರಡು ಗಂಟೆ ನೀರಿಲ್ಲ, ಶೌಚಾಲಯ ಇಲ್ಲ. ಬಂದ ಮೇಲೆ ಹತ್ತು ಡಾಲರ್ ಕೇಳಿದ. ಅದಕ್ಕೆ ಕಾರಣ ಚೆನ್ನಾಗಿ ನಡೆಯುವವರೆಲ್ಲಾ ಸಾಲು ತಪ್ಪಿಸಲು ವೀಲ್‌ಚೇರ್ ತಗೊಳ್ಳುವುದು. ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ.

ತಿಪಟೂರು ಟೀಚರ್:
ಹಾಗೆ ಎಲ್ಲರನ್ನೂ ಸೇರಿಸಿ ಹೇಳಬೇಡಿ. ನಾನೂ ತಗೊಳ್ಳುತ್ತೇನೆ. ಹತ್ತು ಹೆಜ್ಜೆ ನಡೆದರೆ ಚೆನ್ನಾಗಿದ್ದೇನೆ ಅಂತ ಅರ್ಥ ಅಲ್ಲ. ಇಂಗ್ಲಿಷ್ ಬರದ ಅಮ್ಮಂದಿರಿಗೆ ಗೇಟ್ ತೋರಿಸುವವರು ಆ ತಳ್ಳುವವರೊಬ್ಬರೇ.

ಮಾಲೂರು ಸೊಸೆ:
ನಿಮ್ಮನ್ನು ಹೇಳಲಿಲ್ಲ ಮೇಡಂ. ಯಾಕೆ ಮೈಮೇಲೆ ಹಾಕಿಕೊಳ್ಳುತ್ತೀರಿ?

ಚಿಕ್ಕಬಳ್ಳಾಪುರದ ಮಗ:
ಅಬುಧಾಬಿಯಲ್ಲಿ ಬದಲಾಯಿಸುವುದು. ಅಲ್ಲಿಂದ ನ್ಯೂಯಾರ್ಕ್.

ಮಾಲೂರು ಸೊಸೆ:
ಹಾಗಾದರೆ ಕೇಳಿ. ಅಮೆರಿಕದ ಇಮಿಗ್ರೇಶನ್, ಅಂದರೆ ಪಾಸ್‌ಪೋರ್ಟ್, ವೀಸಾ ನೋಡಿ ಒಳಗೆ ಬಿಡುವುದು, ಅಬುಧಾಬಿಯಲ್ಲೇ ಆಗುತ್ತದೆ. ಅದಕ್ಕೆ ಮುಂಚೆ ಅಮೆರಿಕದವರ ಪದ್ಧತಿಯ ಪ್ರಕಾರ ಇನ್ನೊಂದು ತಪಾಸಣೆ ಇರುತ್ತದೆ. ಅಂದರೆ ಅಮ್ಮನಿಗೆ ದೇವನಹಳ್ಳಿಯಲ್ಲಿ ಒಂದು, ಅಲ್ಲೊಂದು. ನ್ಯೂಯಾರ್ಕ್‌ನಲ್ಲಿ ಇಳಿದ ಮೇಲೆ ಸೀದಾ ಹೊರಗೆ. ನಡುವೆ ಕನಿಷ್ಠ ಮೂರೂವರೆ ಗಂಟೆ ಇರುವ ಟಿಕೆಟ್ ಇರಲಿ. ದೇವನಹಳ್ಳಿಯಲ್ಲಿ ಪರದೆಯೊಳಗೆ ಹೆಂಗಸರೇ ಇರುತ್ತಾರೆ. ಕೈ ಚಾಚಿ ನಿಲ್ಲಬೇಕು, ಕೈಯಲ್ಲಿ ಹಿಡಿಯುವ ಮಷೀನ್ ಆಡಿಸುತ್ತಾರೆ. ಕೂಗಿದ ಜಾಗ ಮುಟ್ಟಿ ನೋಡುತ್ತಾರೆ. ಮಂಡಿ ಕೂಗೇ ಕೂಗುತ್ತದೆ. ಸೀರೆ ಬಿಚ್ಚಿಸುವುದಿಲ್ಲ. ನಮ್ಮತ್ತೆಗೆ ಇಂಗ್ಲಿಷ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆ: ಎರಡೂ ಮಂಡಿಯಲ್ಲಿ ಲೋಹ ಇದೆ, ಹೆಂಗಸರೇ ಬೇಕು, ಕೋಣೆ ಬೇಕು, ತುಂಬಾ ಹೊತ್ತು ನಿಲ್ಲಲು ಆಗುವುದಿಲ್ಲ. ಆ ಕಾಗದ 600 ರೂಪಾಯಿ ಚೀಟಿಗಿಂತ ಉಪಯೋಗಕ್ಕೆ ಬಂತು.

ತಿಪಟೂರು ಟೀಚರ್:
ಒಳ್ಳೆಯದು. ಬಾಣಂತನಕ್ಕೆ ಹೋಗುವವರು ಕೊಬ್ಬರಿ ಮಾತ್ರ ಇಡಬೇಡಿ. ಅಂಟಿನುಂಡೆ ಮಾಡಲು ಮಗಳಿಗೆ ಅಂತ ಆರಿಸಿ ಆರಿಸಿ ತಂದಿದ್ದೆ, ಮೂರು ಕೆಜಿ. ಕಣ್ಣೆದುರೇ ಕಸದ ಡಬ್ಬಕ್ಕೆ ಹಾಕಿದರು.

ಕೆಜಿಎಫ್ ಹಳಬ:
ಅದು ನಿಯಮ ಮೇಡಂ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ.

ತಿಪಟೂರು ಟೀಚರ್:
ನಮ್ಮ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೊಬ್ಬರಿ ಒಣಗುತ್ತದೆ. ನಮ್ಮಜ್ಜನ ಕಾಲದಿಂದ ಒಂದು ದಿನ ಹೊತ್ತಿಕೊಂಡಿಲ್ಲ. ತಿಪಟೂರಿನವರಿಗೆ ಕೊಬ್ಬರಿ ಪಾಠ ಬೇಡ.

ಶಿರಾ ಕಡೆಯವನು:
ಮೇಡಂ ಹೇಳುವುದರಲ್ಲಿ ನ್ಯಾಯ ಇದೆ. ಬೆಳೆದವರಿಗೆ ಗೊತ್ತಿರುವುದು ಬರೆದವರಿಗೆ ಗೊತ್ತಿರಲ್ಲ.

ಕೆಜಿಎಫ್ ಹಳಬ:
ಹಡಗಿನಲ್ಲಿ ಕೊಬ್ಬರಿ ಬಿಸಿಯಾಗಿ ಹೊತ್ತಿಕೊಂಡದ್ದಿದೆ. ಗಾಳಿಯಾಡುವ ಅಟ್ಟ ಬೇರೆ, ವಿಮಾನದ ಹೊಟ್ಟೆ ಬೇರೆ. ಎಲ್ಲದಕ್ಕೂ ನನ್ನ ಮೇಲೇ ಬರುತ್ತೀರಲ್ಲ.

ಚಿಕ್ಕಬಳ್ಳಾಪುರದ ಮಗ:
ಮಾಲೂರಿನ ಅಕ್ಕ, ತುಂಬಾ ಉಪಕಾರವಾಯಿತು. ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸೀರೆ ಬಿಚ್ಚಿಸುವುದಿಲ್ಲ ಅನ್ನುವುದನ್ನು ಎರಡು ಸಲ ಓದಿಸಿದರು. ನೂಲಿನ ಸೀರೆ, ಪಿನ್ನಿಲ್ಲದೆ ಉಡುತ್ತೇನೆ ಅಂದರು. ಈಗ ಅವರದು ಒಂದೇ ಪ್ರಶ್ನೆ. ಮಾಂಗಲ್ಯ ತೆಗೆಯಬೇಕಾ?

ಮಾಲೂರು ಸೊಸೆ:
ನಮ್ಮತ್ತೆ ತೆಗೆಯಲಿಲ್ಲ. ಕೂಗಿತು, ಸೆರಗು ಸರಿಸಿ ತೋರಿಸಿದರು, ಬಿಟ್ಟರು.

ತಿಪಟೂರು ಟೀಚರ್:
ನನಗೆ ತೆಗೆಸಿ ಟ್ರೇನಲ್ಲಿ ಇಡಿಸಿದರು. ಅದು ಮಷೀನಿನೊಳಗೆ ಹೋಗಿ ಆಚೆ ಬರುವವರೆಗೆ ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ. ನಿಮ್ಮ ಅಮ್ಮನಿಗೆ ಮನಸ್ಸು ಒಪ್ಪದಿದ್ದರೆ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿಕೊಂಡು ಹೊರಡಲಿ. ಅದು ಯಾವ ಮಷೀನಿಗೂ ಕೂಗುವುದಿಲ್ಲ. ಚಿನ್ನದ್ದನ್ನು ಕೈಚೀಲದಲ್ಲಿ ಡಬ್ಬಿಯೊಳಗೆ ಇಟ್ಟುಕೊಳ್ಳಲಿ, ಲಗೇಜಿಗೆ ಹಾಕಬೇಡಿ.