ಟ್ರಸ್ಸಿಗೆ ಹಾಯಿಸ್ಟ್ ನೇತುಹಾಕಬಹುದಾ?

ಪ್ರಶ್ನೆ (ಸುಂಟಿಕೊಪ್ಪ ಕಡೆಯಿಂದ):
ನಮಸ್ಕಾರ ಸರ್. ನಮ್ಮದು ಕಾಫಿ ಹಲ್ಲಿಂಗ್ (ಒಣಗಿದ ಹಣ್ಣಿನ ಸಿಪ್ಪೆ ತೆಗೆಯೋದು) ಮಾಡುವ ಸಣ್ಣ ಘಟಕ. ಅಪ್ಪ ಕಟ್ಟಿಸಿದ 30 ವರ್ಷದ ಶೆಡ್, ಆಂಗಲ್ ಟ್ರಸ್ (ಎಲ್ ಆಕಾರದ ಕಬ್ಬಿಣದ ಪಟ್ಟಿಗಳ ಚಾವಣಿ ಚೌಕಟ್ಟು), ಮೇಲೆ ಶೀಟು. ಚೆರಿ ಮೂಟೆ ಅಟ್ಟಕ್ಕೆ ಏರಿಸೋಕೆ ಈಗ ಆಳು ಸಿಗ್ತಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ 2 ಟನ್ನಿನ ಕರೆಂಟ್ ಹಾಯಿಸ್ಟ್ (ಭಾರ ಎತ್ತುವ ಯಂತ್ರ) ತಂದಿದ್ದೇನೆ. ನಮಗೆ ಒಂದು ಸಲಕ್ಕೆ 50 ಕೆಜಿಯ 20 ಮೂಟೆ, ಅಂದರೆ 1 ಟನ್ ಎತ್ತಿದರೆ ಸಾಕು. ಟ್ರಸ್ಸಿನ ಕೆಳಗೆ 250ರ (250 ಮಿ.ಮೀ. ಎತ್ತರದ) ಐ-ಬೀಮ್ ಕಟ್ಟಿದರೆ ಆಯ್ತು ಅಂತಾರೆ ವೆಲ್ಡಿಂಗ್‌ನವರು. ಟ್ರಸ್ಸಿಂದ ಟ್ರಸ್ಸಿಗೆ 6 ಮೀಟರ್ ಅಂತರ. ಹಾಕಿಸಲಾ?

ಉತ್ತರ:
ದಯವಿಟ್ಟು ಬೇಡ. ಆ ಟ್ರಸ್ ಮಾಡಿದ್ದು ಶೀಟು, ಗಾಳಿ, ಮಳೆ ತಡೆಯೋದಕ್ಕೆ. ಅದರ ಕೆಳಗಿನ ಆಂಗಲ್ ಎಳೆತ ತಡೆಯುತ್ತೆ, ಆದರೆ ಮಧ್ಯದಲ್ಲಿ ಭಾರ ನೇತುಹಾಕಿದರೆ ಬಾಗುತ್ತೆ.

ನಿಮಗೆ 1 ಟನ್ ಸಾಕು, ಸರಿ. ಆದರೆ ಹಾಯಿಸ್ಟಿನ ಮೇಲೆ 2 ಟನ್ ಅಂತ ಬರೆದಿದೆ ಅಲ್ವಾ? ನಾಳೆ ಹಲ್ಲರ್ ರಿಪೇರಿಗೆ ಬಂದಾಗ ಯಾರಾದರೂ ಅದನ್ನೇ ಎತ್ತುತ್ತಾರೆ. ಹಾಗಾಗಿ 2 ಟನ್ನಿಗೇ ಲೆಕ್ಕ ಹಾಕಬೇಕು. ಹಾಯಿಸ್ಟು, ಅದನ್ನು ಬೀಮಿನ ಉದ್ದಕ್ಕೆ ಓಡಿಸುವ ಟ್ರಾಲಿ ಸೇರಿ ಸುಮಾರು 250 ಕೆಜಿ ಅಂತಿಟ್ಟುಕೊಳ್ಳಿ. ಕರೆಂಟಿನಲ್ಲಿ ಎತ್ತುವಾಗ ಜರ್ಕ್ ಹೊಡೆಯುತ್ತೆ, ಅದಕ್ಕೆ ಇನ್ನೂ 25% ಸೇರಿಸಬೇಕು. ಒಟ್ಟು 2.8 ಟನ್.

ಈಗ ಬೀಮಿಗೆ ಬರೋಣ. 6 ಮೀಟರ್ ಉದ್ದಕ್ಕೆ 250ರ ಬೀಮ್ ಮುರಿಯೋದಿಲ್ಲ, ಅದು ನಿಜ. ಆದರೆ ಜರ್ಕ್ ಬಿಟ್ಟು ಲೆಕ್ಕ ಹಾಕಿದರೂ ನಡುವೆ ಸುಮಾರು 10 ಮಿ.ಮೀ. ಬಾಗುತ್ತೆ. ಕರೆಂಟ್ ಕ್ರೇನ್ ಓಡುವ ಗರ್ಡರ್ (ಬೀಮ್) ತನ್ನ ಉದ್ದದ 750ರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬಾಗಬಾರದು ಅನ್ನುತ್ತೆ ಐಎಸ್ 800, ಅಂದರೆ ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ. ಹಾಯಿಸ್ಟ್ ಬೀಮಿಗೂ ನಾನು ಅದನ್ನೇ ಹಿಡಿಯುತ್ತೇನೆ. ನಿಮ್ಮಲ್ಲಿ ಅದು 8 ಮಿ.ಮೀ. ಆಗುತ್ತೆ. 300ರ ಬೀಮ್ ಹಾಕಿದರೆ 6 ಚಿಲ್ಲರೆ ಮಿ.ಮೀ.ಗೆ ನಿಲ್ಲುತ್ತೆ. ಜಾಸ್ತಿ ಬಾಗಿದರೆ ಟ್ರಾಲಿ ತಾನಾಗಿ ನಡುವಿಗೆ ಓಡುತ್ತೆ, ಮೂಟೆ ತೂಗಾಡುತ್ತೆ. ಕೆಳಗೆ ನಿಂತವನಿಗೆ ಅದೇ ಅಪಾಯ.

ಬೀಮಿಗೆ ಅದರದೇ ಕಾಲು ಕೊಡಿ. ಶೆಡ್ಡಿನ ಕಂಬಕ್ಕೂ ಸೇರಿಸಬೇಡಿ.

ಅನುಭವ (ಸೋಮವಾರಪೇಟೆಯಿಂದ):
ಅಣ್ಣಾ, ಸರ್ ಹೇಳೋದು ಕೇಳಿ. ನಾವು ಟ್ರಸ್ಸಿಗೇ ಚೈನ್ ಬ್ಲಾಕ್ (ಕೈಯಿಂದ ಸರಪಳಿ ಎಳೆದು ಭಾರ ಎತ್ತುವ ರಾಟೆ) ಕಟ್ಟಿದ್ದೆವು. ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಶೀಟಿನ ಬೋಲ್ಟ್ ಹತ್ತಿರ ಸೋರೋಕೆ ಶುರುವಾಯ್ತು. ವಾಷರ್ ಹೋಗಿದೆ ಅಂದುಕೊಂಡು ಹತ್ತಿ ನೋಡಿದರೆ ಕೆಳಗಿನ ಆಂಗಲ್ ಬಿಲ್ಲಿನ ಹಾಗೆ ಬಗ್ಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ.

ಪ್ರಶ್ನೆ ಕೇಳಿದವರು:
ಕಾಲು ನೆಲದ ಕಾಂಕ್ರೀಟಿಗೇ ಬೋಲ್ಟ್ ಮಾಡಬಹುದಾ ಸರ್? ನೆಲ ಗಟ್ಟಿ ಇದೆ.

ಉತ್ತರ:
ನಿಮ್ಮ ಶೆಡ್ ಇಳಿಜಾರಿನಲ್ಲಿ ಇದೆಯಾ? ಕೊಡಗಿನಲ್ಲಿ ಒಂದು ಕಡೆ ಬರೆ ಕಡಿದು, ಆ ಮಣ್ಣನ್ನೇ ಇನ್ನೊಂದು ಕಡೆಗೆ ತುಂಬಿ ಸಮ ಮಾಡಿದ ಜಾಗಗಳೇ ಜಾಸ್ತಿ. ಕಡಿದ ಕಡೆ ಮಣ್ಣು ಗಟ್ಟಿ, ತುಂಬಿದ ಕಡೆ ಸಡಿಲ. ಎರಡು ಮಳೆಗಾಲ ನೀರು ಕುಡಿದರೆ ಆ ಕಡೆಯ ಕಾಲು ಕುಸಿಯುತ್ತೆ. ಮೇಲಿಂದ ನೋಡಿದರೆ ಕಾಂಕ್ರೀಟ್ ಎರಡೂ ಕಡೆ ಒಂದೇ ಥರ ಕಾಣುತ್ತೆ. ಸುಮ್ನೆ ನೆಲಕ್ಕೆ ಬೋಲ್ಟ್ ಹೊಡೆಯಬೇಡಿ. ಕಾಲು ಬರುವ ಪ್ರತಿ ಜಾಗದಲ್ಲೂ ಗುಂಡಿ ತೆಗೆಸಿ. ತುಂಬಿದ ಮಣ್ಣು ದಾಟಿ ಹುಟ್ಟುಮಣ್ಣು ಸಿಗುವವರೆಗೆ ಹೋಗಿ. ಆಳ ನೋಡಿ ಪಾಯದ ಅಳತೆ ಹೇಳುತ್ತೇನೆ.

ಅಟ್ಟವನ್ನೂ ಮರೆಯಬೇಡಿ. 1 ಟನ್ ಒಂದೇ ಜಾಗದಲ್ಲಿ ಇಳಿಯುತ್ತೆ. ಹಲಗೆಯ ಕೆಳಗಿನ ತೊಲೆಯನ್ನೂ ನೋಡಬೇಕು.

ಪ್ರಶ್ನೆ ಕೇಳಿದವರು:
ಹಳೆ ಹಾಯಿಸ್ಟ್ ನಡೆಯುತ್ತಾ?

ಉತ್ತರ:
ಹುಕ್ಕಿನ ಬಾಯಿ ಅಗಲವಾಗಿದೆಯಾ, ರೋಪಿನಲ್ಲಿ ತಂತಿ ಕಡಿದಿದೆಯಾ, ಬ್ರೇಕ್ ಜಾರುತ್ತಾ ಅಂತ ಮೊದಲು ನೋಡಿಸಿ. ರೋಪಿಗೆ ಬಟ್ಟೆ ಸುತ್ತಿ ನಿಧಾನವಾಗಿ ಎಳೆಯಿರಿ. ನೂಲು ಸಿಕ್ಕಿಕೊಂಡ ಕಡೆ ತಂತಿ ಕಡಿದಿದೆ ಅಂತ ಅರ್ಥ. ಬರಿಗೈ ಹಾಕಬೇಡಿ. ಎಲ್ಲ ಕೂರಿಸಿದ ಮೇಲೆ ನಮ್ಮ ಎದುರು 2.5 ಟನ್ ಎತ್ತಿ ಪರೀಕ್ಷೆ ಮಾಡಬೇಕು. ಅರ್ಹತೆ ಇರುವವರಿಂದ 12 ತಿಂಗಳಿಗೊಮ್ಮೆ ತಪಾಸಣೆ ಮಾಡಿಸುವ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂದದ್ದು. ಘಟಕ ಸಣ್ಣದಾದರೂ ನೀವು ಅದನ್ನು ಬಿಡಬೇಡಿ.

ಬೀಮ್ ಕೊಳ್ಳುವ ಮೊದಲು ಗುಂಡಿಯ ಫೋಟೊ ಕಳಿಸಿ, ಪಕ್ಕದಲ್ಲಿ ಟೇಪ್ ಇಟ್ಟು.